ಹೊಟ್ಟೆಗೆ ಬ್ಯಾಗ್ ಹಾಕಿದ ಮೇಲೆ ದೇವರ ಮನೆಗೆ ಹೋಗಬಹುದಾ?

ಸ್ಟೋಮಾ ಅಂದರೆ ಆಪರೇಷನ್ ಮಾಡಿ ಕರುಳನ್ನು ಹೊಟ್ಟೆಯ ಮೇಲೆ ತೆರೆದಿಟ್ಟ ಬಾಯಿ; ಮಲ ಅಲ್ಲಿಂದ ಮೇಲೆ ಅಂಟಿಸಿದ ಬ್ಯಾಗಿಗೆ ಬೀಳುತ್ತದೆ. ಸ್ಟೋಮಾ ನರ್ಸ್ ಕೆಲಸಕ್ಕೆ ಸೇರಿದಾಗಿನಿಂದ ಈ ಪ್ರಶ್ನೆ ನನ್ನ ಕಿವಿಗೆ ಬೀಳುತ್ತಲೇ ಇದೆ. ಕೇಳುವುದು ರೋಗಿಯಲ್ಲ. ಪಕ್ಕದಲ್ಲಿ ನಿಂತ ಸೊಸೆಯೋ ತಮ್ಮನೋ, ದನಿ ತಗ್ಗಿಸಿ.

ಹೋಗಬಹುದು. ಬ್ಯಾಗ್ ಖಾಲಿ ಮಾಡಿ, ಸ್ನಾನ ಮಾಡಿ, ಹೋಗಿ.

"ಹೊಲಸು ಮೈಮೇಲೇ ಇರತ್ತಲ್ಲ ಸಿಸ್ಟರ್, ಮೈಲಿಗೆ ಅಲ್ವಾ?" ಇದೊಂದು ತಲೆಯಿಂದ ಇಳಿಯುವುದೇ ಇಲ್ಲ ನೋಡಿ. ಪೂಜೆ ಮಾಡುವ ಭಟ್ಟರ ಹೊಟ್ಟೆಯಲ್ಲಿ ಏನಿದೆ? ಅದೇ ತಾನೇ? ಅವರಿಗೆ ಚರ್ಮ ಅಡ್ಡ, ನಿಮಗೆ ಪ್ಲಾಸ್ಟಿಕ್ಕು. ಒಳ್ಳೆ ಬ್ಯಾಗು ವಾಸನೆ ಬಿಡುವುದಿಲ್ಲ. ಗಾಳಿ ಹೋಗುವ ಕಡೆ ಇದ್ದಿಲಿನ ಫಿಲ್ಟರ್ ಇರುತ್ತದೆ. ಖಾಲಿ ಮಾಡುವಾಗ ಬಂದರೆ ಬಂತು, ಅದು ಎಲ್ಲರ ಕಕ್ಕಸಿನಲ್ಲೂ ಬರುತ್ತದೆ. ಸುಮ್ನೆ ಕೂತಾಗ ಬಂದರೆ ಎಲ್ಲೋ ಸೋರುತ್ತಿದೆ ಅಂತ ಲೆಕ್ಕ.

ಒಬ್ಬರು ಅಜ್ಜಿ ಆರು ತಿಂಗಳು ಜಗಲಿಯಲ್ಲೇ ಊಟ ಮಾಡಿದರು, ತಟ್ಟೆ ಲೋಟ ಬೇರೆ. ಬ್ಯಾಗು ಬಿಚ್ಚಿ ನೋಡಿದರೆ, ಅದನ್ನು ಚರ್ಮಕ್ಕೆ ಅಂಟಿಸುವ ಪ್ಲೇಟಿನ ತೂತನ್ನು ಬಳೆಯಷ್ಟು ಅಗಲ ಕತ್ತರಿಸಿದ್ದರು, ಸೋರದೆ ಏನಾಗುತ್ತೆ! ಸ್ಟೋಮಾದ ಅಳತೆಗಿಂತ 2-3 ಮಿಲಿಮೀಟರ್ ಜಾಸ್ತಿ ಇದ್ದರೆ ಸಾಕು. ಬ್ಯಾಗು ಮೂರನೇ ಒಂದು ಭಾಗ ತುಂಬುತ್ತಿದ್ದ ಹಾಗೆ ಖಾಲಿ ಮಾಡಬೇಕು, ಭಾರಕ್ಕೆ ಕಿತ್ತು ಬರುವ ತನಕ ಕಾಯಬಾರದು. ಅಷ್ಟು ಸರಿಮಾಡಿದ ಮೇಲೆ ಅಜ್ಜಿಯ ತಟ್ಟೆ ಅಡುಗೆಮನೆಗೆ ವಾಪಸ್ ಬಂತು. ಮೈಲಿಗೆ ಎಲ್ಲಿತ್ತು? ಕತ್ತರಿಯಲ್ಲಿ.

ಏಕಾದಶಿ ಉಪವಾಸದ ಮಾತು ಬೇರೆ. ಸಣ್ಣ ಕರುಳಿನ ಸ್ಟೋಮಾ ಇದ್ದರೆ ನೀರು, ಉಪ್ಪು ಎರಡೂ ಸೋರಿ ಹೋಗುತ್ತಿರುತ್ತವೆ. ನೀರೂ ಕುಡಿಯದ ಉಪವಾಸ ಬೇಡ. ರಂಜಾನ್ ಉಪವಾಸಕ್ಕೂ ಮೊದಲು ಡಾಕ್ಟರನ್ನು ಕೇಳಿ.

ಇನ್ನು ಯಾರೂ ಕೇಳದ, ಆದರೆ ಆಪರೇಷನ್ನಿಗೆ ಮೊದಲೇ ಕೇಳಬೇಕಾದ ಪ್ರಶ್ನೆ: ಸೀರೆ ಎಲ್ಲಿ ಉಡುತ್ತೀರಿ, ಪಂಚೆ ಎಲ್ಲಿ ಕಟ್ಟುತ್ತೀರಿ? ತುರ್ತು ಆಪರೇಷನ್ ಅಲ್ಲದಿದ್ದರೆ ಸ್ಟೋಮಾದ ಜಾಗಕ್ಕೆ ಮೊದಲೇ ಪೆನ್ನಿನಿಂದ ಗುರುತು ಹಾಕಿಸಿಕೊಳ್ಳಬಹುದು. ಆವತ್ತು ದಿನಾ ಉಡುವ ಬಟ್ಟೆಯಲ್ಲೇ ಬನ್ನಿ. ಮಲಗಿಸಿ ಗುರುತು ಹಾಕಿದರೆ ಸಾಲದು. ನಿಂತು, ಬಗ್ಗಿ, ನೆಲದ ಮೇಲೆ ಕೂತು ನೋಡಬೇಕು. ಮೊನ್ನೆ ಒಬ್ಬ ಯಜಮಾನರು ಚಕ್ಕಳಮಕ್ಕಳ ಹಾಕಿ ಕೂತರು, ನಾನು ಹಾಕಿದ್ದ ಗುರುತು ಹೊಟ್ಟೆಯ ಮಡಿಕೆಯೊಳಗೆ ಮಾಯ. "ಸಂಧ್ಯಾವಂದನೆಗೆ ಹೀಗೇ ಕೂರೋದು ನಾನು" ಅಂದರು. ಒರೆಸಿ, ಎರಡು ಬೆರಳು ಮೇಲಕ್ಕೆ ಹಾಕಿದೆ.