ಎಜುಕೇಶನ್ ರಿಸರ್ವ್: ಶಾಲೆಗಾಗಿ ಎತ್ತಿಟ್ಟ ನೆಲ

ರಿಸರ್ವ್ ಅಂದ ಕೂಡಲೇ ನಮಗೆ ನೆನಪಾಗುವುದು ರೈಲಿನ ಸೀಟು, ಇಲ್ಲವೇ ರಿಸರ್ವ್ ಫಾರೆಸ್ಟ್. 19ನೇ ಶತಮಾನದ ನ್ಯೂಜಿಲೆಂಡ್‌ನಲ್ಲಿ ಈ ಪದದ ಹಿಂದೆ ‘ಎಜುಕೇಶನ್’ ಅಂತ ಸೇರಿಸಿದರೆ ಅದು ಕುರಿ ಮೇಯುವ ಗುಡ್ಡವಾಗಿರಬಹುದು, ಪೇಟೆ ಬೀದಿಯ ಸೈಟೂ ಆಗಿರಬಹುದು. ಆ ಜಾಗದಲ್ಲಿ ಶಾಲೆ ಇರಲೇಬೇಕು ಎಂದೇನೂ ಇರಲಿಲ್ಲ. ಹೆಸರು ನೋಡಿ ಮೋಸ ಹೋಗುವುದು ಇಲ್ಲೇ.

ವಿಷಯ ಇಷ್ಟು. ವಸಾಹತು ಸರ್ಕಾರ ಜಮೀನು ಅಳೆದು ಮಾರುವಾಗ ಒಂದಷ್ಟನ್ನು ಮಾರದೆ ಪಕ್ಕಕ್ಕೆ ಎತ್ತಿಡುತ್ತಿತ್ತು. ಅದನ್ನು ಗುತ್ತಿಗೆಗೆ ಕೊಡುವುದು, ಬಂದ ಗೇಣಿಯಲ್ಲಿ ಮೇಷ್ಟ್ರ ಸಂಬಳ, ಕಟ್ಟಡದ ಖರ್ಚು ನೋಡಿಕೊಳ್ಳುವುದು. ಶಾಲೆ ಕಟ್ಟಲೆಂದೇ ಬಿಟ್ಟ ಜಾಗಗಳೂ ಇದ್ದವು. ಆದರೆ ಹೆಚ್ಚಿನ ನೆಲ ಇದ್ದದ್ದು ದುಡಿದು ತರಲಿಕ್ಕೆ. 1869ರಲ್ಲಿ ಶುರುವಾದ ಒಟಾಗೊ ವಿಶ್ವವಿದ್ಯಾಲಯಕ್ಕೆ ಅಲ್ಲಿನ ಪ್ರಾಂತ ಸರ್ಕಾರ ಒಂದು ಲಕ್ಷ ಎಕರೆ ಮೇವಿನ ಭೂಮಿ ಕೊಟ್ಟಿತ್ತು. ಒಂದು ಲಕ್ಷ ಎಕರೆಯಲ್ಲಿ ಯಾರೂ ಕ್ಲಾಸ್‌ರೂಮ್ ಕಟ್ಟುವುದಿಲ್ಲ, ಅಲ್ವಾ?

ಉಂಬಳಿ, ದತ್ತಿ ಜಮೀನು ಇಂಥವನ್ನು ಬಲ್ಲ ನಮಗೆ ಇದರಲ್ಲಿ ಹೊಸದೇನಿದೆ ಅನ್ನಿಸಬಹುದು. ಒಂದು ವ್ಯತ್ಯಾಸವಿದೆ. ಉಂಬಳಿ ಬಿಡುವ ಹೊಲದಲ್ಲಿ ಸಾಮಾನ್ಯವಾಗಿ ಆಗಲೇ ಬೆಳೆ ಇರುತ್ತಿತ್ತು, ಉಳುವವರಿರುತ್ತಿದ್ದರು. ಮೊದಲ ವರ್ಷದಿಂದಲೇ ಕಾಳು ಬರುತ್ತಿತ್ತು. ವಸಾಹತಿನ ರಿಸರ್ವ್ ಮಾತ್ರ ಮುಂದೊಂದು ದಿನ ಬೆಲೆ ಬಂದೀತು ಎಂಬ ನಂಬಿಕೆಯ ಮೇಲೆ ನಿಂತದ್ದು. ಸುತ್ತ ಊರು ಬೆಳೆಯಬೇಕು, ರಸ್ತೆ ಬರಬೇಕು, ಆಗ ನೆಲಕ್ಕೆ ಬೆಲೆ. ಮಕ್ಕಳು ಅಲ್ಲಿವರೆಗೆ ಕಾಯುತ್ತಾರೆಯೇ?

ಈ ತೊಡಕು ನ್ಯೂಜಿಲೆಂಡ್‌ಗೆ ಮುಂಚೆಯೇ ಗೊತ್ತಾಗಿತ್ತು. ಇಂದಿನ ಒಂಟಾರಿಯೊ ಆಗ ಅಪ್ಪರ್ ಕೆನಡಾ. ಅಲ್ಲಿ 1791ರ ಕಾನೂನು ಪ್ರಾಟೆಸ್ಟೆಂಟ್ ಪಾದ್ರಿಗಳಿಗಾಗಿ ಏಳನೇ ಒಂದು ಪಾಲು ನೆಲ ಎತ್ತಿಡಿಸಿತು. 1798ರಲ್ಲಿ ಗ್ರಾಮರ್ ಶಾಲೆಗಳಿಗೂ (ಆಗಿನ ಪ್ರೌಢಶಾಲೆಗಳು) ಒಂದು ವಿಶ್ವವಿದ್ಯಾಲಯಕ್ಕೂ 5 ಲಕ್ಷ ಎಕರೆ ಮೀಸಲಿಡುವ ಸಲಹೆ ಬಂತು. ಪಾದ್ರಿ ಜಮೀನಿನ ಗುತ್ತಿಗೆ 21 ವರ್ಷಕ್ಕೆ. 200 ಎಕರೆಗೆ ಮೊದಲ ಏಳು ವರ್ಷ ವರ್ಷಕ್ಕೆ 10 ಶಿಲಿಂಗ್ ಬಾಡಿಗೆ. ಅಷ್ಟು ಅಗ್ಗವಾದರೂ ಗಿರಾಕಿಗಳು ಕಡಿಮೆ. ಪಕ್ಕದಲ್ಲೇ ಸ್ವಂತ ನೆಲ ಸುಲಭವಾಗಿ ಸಿಗುವಾಗ ಪಾದ್ರಿಯ ಒಕ್ಕಲಾಗಲು ಯಾರಿಗೆ ಬೇಕು? ಮೀಸಲು ತುಂಡುಗಳು ಹೊಲಗಳ ನಡುವೆ ಕಾಡು ಬೆಳೆದು ಬಿದ್ದಿದ್ದವು. ಅಲ್ಲಿ ರಸ್ತೆ ಮಾಡುವವರೂ ಇರಲಿಲ್ಲ. ರೈತರಿಗೆ ಸಿಟ್ಟು ಬಂದದ್ದು ಸಹಜ.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ ಕಥೆ ಇನ್ನೂ ಚಿಕ್ಕದು. 1826ರಲ್ಲಿ ಚರ್ಚಿಗೂ ಶಾಲೆಗೂ ಸೇರಿಸಿ ಪ್ರತಿ ಕೌಂಟಿಯ (ನಮ್ಮ ಜಿಲ್ಲೆಯಂಥ ವಿಭಾಗ) ಏಳನೇ ಒಂದು ಭಾಗ ಕೊಡುವುದಾಗಿ ಒಂದು ಕಾರ್ಪೊರೇಷನ್ ಹುಟ್ಟಿತು. ಸರ್ವೆ ಮುಗಿಯದೆ ನೆಲ ಕೈಗೆ ಬರುವುದು ಹೇಗೆ? 1833ಕ್ಕೆ ಅದು ಮುಚ್ಚಿಯೇ ಹೋಯಿತು.

ನ್ಯೂಜಿಲೆಂಡ್‌ನಲ್ಲಿ ಪ್ರಾಂತ ಸರ್ಕಾರಗಳು 1876ರಲ್ಲಿ ರದ್ದಾದವು. ಮರುವರ್ಷ, 1877ರಲ್ಲಿ, ಎರಡು ಕಾಯ್ದೆಗಳು ಬಂದವು. ಒಂದು ಉಚಿತ, ಧರ್ಮಾತೀತ, ಕಡ್ಡಾಯ ಶಿಕ್ಷಣ ಅಂದಿತು. ಇನ್ನೊಂದು ಪ್ರಾಂತಗಳು ಬಿಟ್ಟುಹೋದ ಶಾಲಾ ಜಮೀನುಗಳನ್ನು ನೋಡಿಕೊಳ್ಳಲು ‘ಸ್ಕೂಲ್ ಕಮಿಷನರ್’ಗಳನ್ನು ನೇಮಿಸಿತು. ಹೆಸರು ಕೇಳಿದರೆ ಪಾಠ ತಪಾಸಣೆ ಮಾಡುವವರು ಅನ್ನಿಸುತ್ತದೆ. ಅವರು ಮಾಡುತ್ತಿದ್ದದ್ದು ಜಮೀನ್ದಾರನ ಕೆಲಸ: ಗುತ್ತಿಗೆ ಕೊಡು, ಬಾಡಿಗೆ ವಸೂಲಿ ಮಾಡು, ಲೆಕ್ಕ ಬರೆ.

ಗುತ್ತಿಗೆಯ ಅವಧಿಯೇ ಇಲ್ಲಿ ಎಲ್ಲಕ್ಕಿಂತ ಸೂಕ್ಷ್ಮ. ಅದು ಕಡಿಮೆಯಾದರೆ ಒಕ್ಕಲು ಬೇಲಿ ಹಾಕುವುದಿಲ್ಲ, ಮನೆ ಕಟ್ಟುವುದಿಲ್ಲ, ಇದ್ದಷ್ಟು ದಿನ ನೆಲ ಹಿಂಡಿ ಹೊರಡುತ್ತಾನೆ. ಉದ್ದವಾದರೆ ಬಾಡಿಗೆ ಹಳೇ ದರದಲ್ಲೇ ನಿಲ್ಲುತ್ತದೆ. ಇದಕ್ಕೆ ಕಂಡುಕೊಂಡ ಉಪಾಯಕ್ಕೆ ಆ ದೇಶದಲ್ಲಿ ಗ್ಲಾಸ್ಗೋ ಲೀಸ್ ಎನ್ನುತ್ತಾರೆ. ಗುತ್ತಿಗೆ ಎಂದೆಂದಿಗೂ ನವೀಕರಣವಾಗುತ್ತಾ ಹೋಗುತ್ತದೆ. ನೆಲ ಸಂಸ್ಥೆಯದು, ಮೇಲಿನ ಮನೆ ಗುತ್ತಿಗೆದಾರನದು. ಸಾಮಾನ್ಯವಾಗಿ 21 ವರ್ಷಕ್ಕೊಮ್ಮೆ ಬರಿ ನೆಲದ ಬೆಲೆ ಕಟ್ಟಿ ಬಾಡಿಗೆ ಹೊಸದಾಗಿ ನಿಗದಿ ಮಾಡುತ್ತಾರೆ. ನೆಲ ಮಾರದೆಯೇ ಜನ ನೆಲೆಯೂರಲಿ ಎನ್ನುವ ಲೆಕ್ಕಾಚಾರ ಜಾಣತನದ್ದೇ. ಆದರೆ ನಡುವೆ ಪೇಟೆ ಬೆಳೆದರೆ 20 ವರ್ಷ ಸಂಸ್ಥೆಗೆ ನಷ್ಟ. 21ನೇ ವರ್ಷ ಬಾಡಿಗೆ ಒಮ್ಮೆಲೇ ಏರಿದರೆ ಒಕ್ಕಲಿನ ಎದೆ ಧಸಕ್ಕೆನ್ನುತ್ತದೆ. ಅವನು ಕೇಳುವ ಪ್ರಶ್ನೆಯೂ ನ್ಯಾಯವೇ: ಊರು ಬೆಳೆಸಿದ್ದು ನಾವು, ನೆಲದ ಬೆಲೆ ಏರಿದ್ದು ನಮ್ಮಿಂದ, ಈಗ ನಮಗೇ ಜಾಸ್ತಿ ಬಾಡಿಗೆಯಾ?

ಇಷ್ಟು ಹೊತ್ತು ಸರ್ಕಾರ ನೆಲ ಎತ್ತಿಟ್ಟಿತು ಅಂತ ಸುಮ್ನೆ ಹೇಳಿಕೊಂಡು ಬಂದೆ. ಅದು ಸರ್ಕಾರದ್ದಾಗುವ ಮುಂಚೆ ಯಾರದಾಗಿತ್ತು? ಈ ಪ್ರಶ್ನೆ ಕೇಳದಿದ್ದರೆ ಪದದ ಅರ್ಥ ಅರ್ಧಕ್ಕೇ ನಿಲ್ಲುತ್ತದೆ.

ವೆಲಿಂಗ್ಟನ್ ಹತ್ತಿರ ಪೊರಿರುವಾದಲ್ಲಿ ಫಿಟಿರೇಯ ಎಂಬ ಜಾಗವಿದೆ. ಅಲ್ಲಿನ ಮಾವೊರಿ (ನ್ಯೂಜಿಲೆಂಡ್‌ನ ಮೂಲನಿವಾಸಿ) ಬುಡಕಟ್ಟು ಙಾತಿ ತೋವ. (ನಮ್ಮ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕೂತಿದ್ದ ಙ ಅಕ್ಷರ ಕೊನೆಗೂ ಬಳಕೆಗೆ ಬಂತು.) 1848ರಲ್ಲಿ ಅವರು ತಮ್ಮ ಮಕ್ಕಳಿಗೆ ಶಾಲೆ ಬೇಕೆಂದು ಸುಮಾರು 500 ಎಕರೆಯನ್ನು ಚರ್ಚಿಗೆ ಬಿಟ್ಟುಕೊಟ್ಟರು. 1850ರಲ್ಲಿ ಅದು ಬಿಷಪ್ಪರ ಹೆಸರಿಗೆ ಸರ್ಕಾರದ ದಾನಪತ್ರವಾಗಿ ಬದಲಾಯಿತು. ತಮಗೆ ತಿಳಿಸದೆ ಹೀಗೆ ಮಾಡಿದರು ಎಂಬುದು ಬುಡಕಟ್ಟಿನ ದೂರು. ನೆಲ ಗುತ್ತಿಗೆಗೆ ಹೋಯಿತು. ಶಾಲೆ ಏಳಲೇ ಇಲ್ಲ. 1877ರಲ್ಲಿ, ಹೌದು, ಅದೇ 1877ರಲ್ಲಿ, ಅದಕ್ಕೂ ಮುಂಚೆ ಸಂಸತ್ ಸದಸ್ಯರಾಗಿದ್ದ ವೀ ಪರಾಟ ನೆಲ ವಾಪಸ್ ಕೇಳಿ ಕೋರ್ಟಿಗೆ ಹೋದರು. ಮುಖ್ಯ ನ್ಯಾಯಮೂರ್ತಿ ಪ್ರೆಂಡರ್‌ಗಾಸ್ಟ್ ಅವರ ಪೀಠ ಕೇಸು ತಳ್ಳಿಹಾಕಿತು. ಮಾವೊರಿಗಳು ಬ್ರಿಟಿಷರ ಜೊತೆ 1840ರಲ್ಲಿ ಮಾಡಿಕೊಂಡ ವೈತಾಂಗಿ ಒಪ್ಪಂದಕ್ಕೆ ಭೂಮಿಯ ವಿಷಯದಲ್ಲಿ ಕಾನೂನಿನ ಬೆಲೆಯೇ ಇಲ್ಲ ಎಂದು ತೀರ್ಪಿನಲ್ಲಿ ಬರೆಯಿತು. ಒಂದು ಕಟ್ಟದ ಶಾಲೆಯ ಜಗಳದಿಂದ ಹುಟ್ಟಿದ ಈ ಮಾತು ಮಾವೊರಿಗಳ ಭೂಮಿ ಹಕ್ಕನ್ನು ಎಷ್ಟೋ ದಶಕ ಕಾಡಿತು.

ಇನ್ನೊಂದು ಜಾಗ ದಕ್ಷಿಣ ದ್ವೀಪದ ಮೊಟುವೇಕ ಊರಿನ ಫಕರೇವ. ವಲಸಿಗರನ್ನು ತಂದು ನೆಲೆಗೊಳಿಸುತ್ತಿದ್ದ ಖಾಸಗಿ ಸಂಸ್ಥೆ ನ್ಯೂಜಿಲೆಂಡ್ ಕಂಪನಿ ನೆಲ ಕೊಳ್ಳುವಾಗ ಹತ್ತರಲ್ಲೊಂದು ಪಾಲು ಮಾವೊರಿ ಕುಟುಂಬಗಳಿಗೇ ಉಳಿಸುವ ಮಾತು ಕೊಟ್ಟಿತ್ತು. 1853ರಲ್ಲಿ ಗವರ್ನರ್ ಗ್ರೇ ಅಂಥ ಪಾಲಿನಿಂದಲೇ 918 ಎಕರೆ ತೆಗೆದು ಚರ್ಚಿನ ಶಾಲೆಗೆ ಕೊಟ್ಟರು. ಅಂದರೆ ಮೀಸಲಿನೊಳಗಿಂದ ಇನ್ನೊಂದು ಮೀಸಲು! ಶಾಲೆ ಬಹಳ ಕಾಲ ಬಾಳಲಿಲ್ಲ. ಗುತ್ತಿಗೆ ಮಾತ್ರ ನಡೆಯುತ್ತಲೇ ಇತ್ತು. 1993ರಲ್ಲಿ ಒಂದು ಕಾಯ್ದೆಯ ಮೂಲಕ ಆ ನೆಲ ಙಾತಿ ರಾರುವ ಮತ್ತು ತೆ ಆತಿ ಅವ ಬುಡಕಟ್ಟುಗಳ ಟ್ರಸ್ಟಿಗೆ ಮರಳಿತು. ಮನೆಗಳು, ತೋಟಗಳು, ಹಳೆಯ ಗುತ್ತಿಗೆಗಳು ಇದ್ದ ಹಾಗೆಯೇ ಉಳಿದವು. ಅಲ್ಲಿ ಮನೆ ಕಟ್ಟಿಕೊಂಡಿರುವ ಗುತ್ತಿಗೆದಾರರು ಈಗ ನೆಲಬಾಡಿಗೆ ಕಟ್ಟುವುದು ಆ ನೆಲದ ಹಳೆಯ ಒಡೆಯರ ವಂಶದವರಿಗೆ.