‘ರಾಜೀನಾಮಿ ಬರದು ಕೊಡ್ರಿ, ಆರಾಮಾದ ಮ್ಯಾಲ ಬರ್ರಿ’ ಅಂದರೆ?

ಪ್ರಶ್ನೆ: ಕಲಬುರಗಿಯ ಒಂದು ಫೈನಾನ್ಸ್ ಕಚೇರಿಯಲ್ಲಿ ಕಲೆಕ್ಷನ್ ಕೆಲಸ, ನಾಲ್ಕು ವರ್ಷ ಆಯ್ತು. ಪಗಾರ 18,000. ಕ್ಯಾನ್ಸರ್‌ಗೆ ಕೀಮೋ ಶುರುವಾಗಿದೆ. ‘ಮೊನ್ನೆ ಛಲೋ ಇದ್ರಿ, ಇವತ್ತ್ ಮತ್ತ ರಜಾ ಏನ್ರೀ?’ ಅಂತಾರೆ ಮ್ಯಾನೇಜರ್. ರಾಜೀನಾಮೆ ಬರೆದುಕೊಡಿ, ಗುಣವಾದ ಮೇಲೆ ತಗೋತೀವಿ ಅಂತಲೂ ಹೇಳಿದಾರೆ. ಏನು ಮಾಡಲಿ?

ಉತ್ತರ: ರಾಜೀನಾಮೆ ಬರೆಯಬೇಡಿ. ಖಾಲಿ ಹಾಳೆಗೂ ಸಹಿ ಹಾಕಬೇಡಿ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಕಲಂ ಪ್ರಕಾರ, ಆರು ತಿಂಗಳು ಕೆಲಸ ಮಾಡಿದವರನ್ನು ತಕ್ಕ ಕಾರಣ ಮತ್ತು ಒಂದು ತಿಂಗಳ ನೋಟಿಸ್ (ಇಲ್ಲವೇ ಅದರ ಬದಲು ಒಂದು ತಿಂಗಳ ಸಂಬಳ) ಇಲ್ಲದೆ ತೆಗೆಯುವಂತಿಲ್ಲ. ನೀವೇ ಬಿಟ್ಟಿರಿ ಎಂದು ಕಾಗದ ಹೇಳಿದರೆ ಈ ರಕ್ಷಣೆ ಹೋಯಿತು. ‘ಆಮೇಲೆ ತಗೋತೀವಿ’ ಬರೀ ಬಾಯಿಮಾತು.

ಮ್ಯಾನೇಜರ್ ಗೊಂದಲಕ್ಕೂ ಒಂದು ಕಾರಣವಿದೆ. 21 ದಿನಕ್ಕೊಮ್ಮೆ ಕೊಡುವ ಎಷ್ಟೋ ಕೀಮೋಗಳಲ್ಲಿ ಸೋಂಕು ತಡೆಯುವ ಬಿಳಿ ರಕ್ತಕಣ ತಳಕ್ಕಿಳಿಯುವುದು ಸುಮಾರು 7ರಿಂದ 14ನೇ ದಿನದೊಳಗೆ, ಸಲೈನ್ ಹಾಕಿಸಿಕೊಂಡ ದಿನವಲ್ಲ. ಹೀಗಾಗಿ ಮೂರನೇ ದಿನ ನೆಟ್ಟಗೆ ಓಡಾಡಿದವರು ಹತ್ತನೇ ದಿನ ಜ್ವರದಿಂದ ಮಲಗಬಹುದು. ಮುಂಚೆ ಹೇಳದಿದ್ದರೆ ಇದು ನೆಪದಂತೆಯೇ ಕಾಣುತ್ತದೆ. ಆದ್ದರಿಂದ ಕಾಯಿಲೆಯ ಕಥೆ ಬಿಟ್ಟು ತಾರೀಖು ಕೊಡಿ. ಹೀಗೆ ಬರೆಯಬಹುದು:

‘ನನಗೆ ಜೂನ್ 8, ಜೂನ್ 29, ಜುಲೈ 20ರಂದು ಚಿಕಿತ್ಸೆ ಇದೆ. ಆ ದಿನ ಮತ್ತು ಮರುದಿನ ರಜೆ ಬೇಕು. ರಕ್ತ ಪರೀಕ್ಷೆಯಲ್ಲಿ ಕಣ ಕಡಿಮೆ ಬಂದರೆ ಚಿಕಿತ್ಸೆ ಮುಂದಕ್ಕೆ ಹೋಗಬಹುದು, ಆಗ ಅದೇ ದಿನ ತಿಳಿಸುತ್ತೇನೆ. ಪ್ರತಿ ಚಿಕಿತ್ಸೆಯ 7ರಿಂದ 14ನೇ ದಿನದವರೆಗೆ ಫೀಲ್ಡ್ ಬದಲು ಕಚೇರಿಯೊಳಗಿನ ಕೆಲಸ ಕೊಡಬೇಕೆಂದು ವಿನಂತಿ.’

ನಿಮ್ಮ ದಿನಗಳು ಬೇರೆ ಇರಬಹುದು, ವೈದ್ಯರನ್ನು ಕೇಳಿಯೇ ತುಂಬಿ. ಆಳಂದ, ಜೇವರ್ಗಿ ಕಡೆ ಬಿಸಿಲಲ್ಲಿ ಬೈಕ್ ಮೇಲೆ ಸುತ್ತಿ, ಜನರ ನಡುವೆ ನಿಂತು ವಸೂಲಿ ಮಾಡುವುದು ಆ ವಾರಕ್ಕೆ ಹೇಳಿ ಮಾಡಿಸಿದ ಕೆಲಸವಲ್ಲ. ಜ್ವರ 100.4 ಮುಟ್ಟಿದರೆ ಯಾರ ಅನುಮತಿಗೂ ಕಾಯದೆ ಆಸ್ಪತ್ರೆಗೆ ಹೋಗಿ, ಮೆಸೇಜ್ ದಾರಿಯಲ್ಲಿ ಕಳಿಸಿದರಾಯಿತು.

ಪತ್ರದ ಎರಡು ಪ್ರತಿ ಮಾಡಿ, ಒಂದರ ಮೇಲೆ ತಾರೀಖಿನ ಸಮೇತ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಸೀಲು ಹಾಕದಿದ್ದರೆ ಇಮೇಲ್ ಮಾಡಿ, ಜೊತೆಗೆ ಸ್ಪೀಡ್ ಪೋಸ್ಟ್ ಕಳಿಸಿ ರಸೀದಿ ಇಟ್ಟುಕೊಳ್ಳಿ. ಇಷ್ಟಿದ್ದರೆ ‘ಹೇಳದೆ ಕೇಳದೆ ಗೈರುಹಾಜರಾದ’ ಎನ್ನುವ ನೋಟಿಸ್ ನಿಲ್ಲುವುದು ಕಷ್ಟ. ರಿಪೋರ್ಟುಗಳನ್ನು ಮಾತ್ರ ಆಫೀಸಿನ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ಅಷ್ಟೂ ಜನಕ್ಕೆ ಅದು ಬೇಕಾಗಿಲ್ಲ.

ಇನ್ನು ದುಡ್ಡು. ಅದೇ ಕಾಯ್ದೆಯಲ್ಲಿ ಅನಾರೋಗ್ಯ ಮೊದಲಾದ ಕಾರಣಕ್ಕೆ ವರ್ಷಕ್ಕೆ 12 ದಿನದವರೆಗೆ ಸಂಬಳದ ರಜೆಯಿದೆ. ಗಳಿಕೆ ರಜೆ ಬೇರೆ, 20 ದಿನದ ಕೆಲಸಕ್ಕೆ ಒಂದು. ಆದರೆ ನಿಮಗೆ ದೊಡ್ಡ ಆಸರೆ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ. ಪಗಾರ ಚೀಟಿಯಲ್ಲಿ 0.75% ಕಡಿತ ಇದೆಯೇ ನೋಡಿ. 18,000ಕ್ಕೆ 135 ರೂಪಾಯಿ. ಇದ್ದರೆ ವರ್ಷಕ್ಕೆ 91 ದಿನದವರೆಗೆ ಸಂಬಳದ 70% ಅನಾರೋಗ್ಯ ಭತ್ಯೆ ಸಿಗುತ್ತದೆ. ಅದು ಮುಗಿದರೂ ಚಿಕಿತ್ಸೆ ನಡೆಯುತ್ತಿದ್ದರೆ, ಕ್ಯಾನ್ಸರ್ ದೀರ್ಘ ಕಾಯಿಲೆಗಳ ಪಟ್ಟಿಯಲ್ಲಿರುವುದರಿಂದ 80% ದರದ ವಿಸ್ತರಿತ ಭತ್ಯೆ ಕೇಳಬಹುದು. ಅದಕ್ಕೆ ಎರಡು ವರ್ಷ ಸತತ ಕೆಲಸ, ಹಿಂದಿನ ನಾಲ್ಕು ವಂತಿಗೆ ಅವಧಿಗಳಲ್ಲಿ 156 ದಿನದ ವಂತಿಗೆ ಬೇಕು (ವಂತಿಗೆ ಎಂದರೆ ಇಎಸ್‌ಐಗೆ ಕಟ್ಟುವ ಆ ದುಡ್ಡು, ಒಂದು ಅವಧಿ ಆರು ತಿಂಗಳು).

ಎಡವುವುದು ಮೂರು ಕಡೆ. ಚಿಕಿತ್ಸೆ ಬೇರೆಡೆ ನಡೆದಿದ್ದರೂ ಅಲ್ಲಿನ ಚೀಟಿ ಹಿಡಿದು ಸುಮ್ಮನಿರಬೇಡಿ. ಸೇಡಂ ರಸ್ತೆಯ ಇಎಸ್‌ಐ ಆಸ್ಪತ್ರೆಯಲ್ಲಿ ಅಥವಾ ನಿಮ್ಮ ಇಎಸ್‌ಐ ದವಾಖಾನೆಯಲ್ಲಿ ತೋರಿಸಿ ಅಲ್ಲಿಯ ಪ್ರಮಾಣಪತ್ರ ಪಡೆಯಿರಿ. ಎರಡನೆಯದು, ಭತ್ಯೆ ಪಡೆಯುವ ದಿನ ‘ಮನ್ಯಾಗ ಕೂತು ಎರಡು ಫೋನ್ ಮಾಡ್ರಿ’ ಅಂದರೆ ಒಪ್ಪಬೇಡಿ, ಕೆಲಸ ಮಾಡಿದ ದಿನಕ್ಕೆ ಭತ್ಯೆ ಇಲ್ಲ. ಮೂರನೆಯದು ಕಣ್ಣಿಗೇ ಬೀಳದು: ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ ಇಲ್ಲದಿದ್ದರೆ ಅದಕ್ಕೆ ಹೊಂದಿದ ಮುಂದಿನ ಆರು ತಿಂಗಳ ಅವಧಿಯಲ್ಲಿ 70% ಭತ್ಯೆ ತಪ್ಪುತ್ತದೆ. ಸಂಬಳವಿಲ್ಲದ ದಿನ ಈ 78ರಲ್ಲಿ ಸೇರದು. ಹೀಗಾಗಿ ಸಂಬಳದ ರಜೆ ಬಾಕಿಯಿದ್ದೂ ಮ್ಯಾನೇಜರ್ ಎಲ್ಲವನ್ನೂ ಸಂಬಳರಹಿತ ಎಂದು ಬರೆಯುತ್ತಿದ್ದರೆ ಆ ತಿಂಗಳೇ ಲಿಖಿತವಾಗಿ ತಕರಾರು ಮಾಡಿ.

ಮ್ಯಾನೇಜರ್ ಜಗ್ಗದಿದ್ದರೆ ಅದೇ ಪತ್ರ ಅವರ ಮೇಲಿನವರಿಗೆ, ಎಚ್‌ಆರ್‌ಗೆ ಹೋಗಲಿ. ಕೆಲಸದಿಂದ ತೆಗೆದರೆ ಆದೇಶ ಬರವಣಿಗೆಯಲ್ಲಿ ಕೇಳಿ, ತಡಮಾಡದೆ ಕಾರ್ಮಿಕ ಇಲಾಖೆ ಕಚೇರಿಗೆ ಹೋಗಿ. ಕೈಯಲ್ಲಿ ಇರಬೇಕಾದ್ದು: ನೇಮಕಾತಿ ಪತ್ರ, ಪಗಾರ ಚೀಟಿ, ಆಸ್ಪತ್ರೆಯ ತಾರೀಖಿನ ಚೀಟಿ, ಸೀಲು ಹಾಕಿಸಿದ ಆ ಪ್ರತಿ.