ಕಲ್ಲಿನ ದಂಡೆ ಅರ್ಧಕ್ಕೆ ನಿಂತ ಮರಳಲ್ಲ

ಕಡಲ ದಂಡೆ ಅಂದ ತಕ್ಷಣ ಎಲ್ಲರ ಕಣ್ಣ ಮುಂದೆ ಬರುವುದು ಮರಳು. ಪ್ರವಾಸದ ಜಾಹೀರಾತಿನಲ್ಲೂ ಮರಳೇ, ಮಕ್ಕಳು ಬಿಡಿಸುವ ಚಿತ್ರದಲ್ಲೂ ಮರಳೇ. ನುಣುಪುಗಲ್ಲುಗಳ ದಂಡೆಗೆ ಹೋದವರು ಬರಿಗಾಲಲ್ಲಿ ಎರಡು ಹೆಜ್ಜೆ ಇಟ್ಟು 'ಅಯ್ಯೋ, ಇದೆಂಥ ಬೀಚು' ಅಂದುಬಿಡುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ, ಕಾಲು ನೋಯುವುದು ನಿಜವೇ. ತಕರಾರು ಇರುವುದು ಅದರ ಬೆನ್ನಿಗೇ ಬರುವ ಮಾತಿನ ಬಗ್ಗೆ: 'ಇರಲಿ ಬಿಡಿ, ಇವೂ ಒಂದು ದಿನ ಸವೆದು ಸವೆದು ಮರಳಾಗುತ್ತವೆ.' ಅಂದರೆ ಕಲ್ಲಿನ ದಂಡೆ ಇನ್ನೂ ಕೆಲಸ ಮುಗಿಯದ ಮರಳಿನ ದಂಡೆ ಅಂತ ಲೆಕ್ಕ. ಕೇಳಲು ಸರಿಯಾಗಿಯೇ ಇದೆ. ಆದರೆ ಬಹುಪಾಲು ಸುಳ್ಳು.

ಮರಳಿನ ಕಣ ಹುಟ್ಟುವುದು ಸಾಮಾನ್ಯವಾಗಿ ಕಡಲಲ್ಲಲ್ಲ, ಬೆಟ್ಟದಲ್ಲಿ. ಗ್ರಾನೈಟ್ ಬಂಡೆಯನ್ನು ಹತ್ತಿರದಿಂದ ನೋಡಿ. ಅದು ಬೇರೆಬೇರೆ ಖನಿಜಗಳ ಹರಳುಗಳು ಒಂದಕ್ಕೊಂದು ಹೆಣೆದುಕೊಂಡ ಗಟ್ಟಿ. ಮಳೆನೀರು ಫೆಲ್ಡ್‌ಸ್ಪಾರ್ ಹರಳನ್ನು ನಿಧಾನವಾಗಿ ಜೇಡಿಯಾಗಿಸುತ್ತದೆ. ಕ್ವಾರ್ಟ್ಜ್ ಹರಳಿಗೆ ಮಾತ್ರ ಹೆಚ್ಚೇನೂ ಆಗುವುದಿಲ್ಲ. ಸುತ್ತಲಿನದು ಕರಗಿ ಸಡಿಲವಾದಾಗ ಅದು ಉದುರುತ್ತದೆ. ಹಾಗೆ ಉದುರಿದ್ದೇ ಮರಳು. ಅದರ ಗಾತ್ರ ಹೆಚ್ಚುಕಡಿಮೆ ತೀರ್ಮಾನವಾದದ್ದು ಕೋಟ್ಯಂತರ ವರ್ಷಗಳ ಹಿಂದೆ, ಭೂಮಿಯೊಳಗೆ ಶಿಲಾರಸ ತಣ್ಣಗಾಗಿ ಹರಳುಗಟ್ಟಿದಾಗ. ಆಮೇಲೆ ಹೊಳೆ ಅದನ್ನು ಕಡಲಿಗೆ ತಂದು ಹಾಕುತ್ತದೆ, ಅಷ್ಟೇ. ಹವಳದ ದ್ವೀಪಗಳ ಬಿಳಿ ಮರಳಿನ ಕಥೆ ಬೇರೆ. ಅಲ್ಲಿ ಗಿಣಿಮೀನುಗಳು ಹವಳವನ್ನು ಕಚ್ಚಿ, ಗಂಟಲಿನ ಹಲ್ಲುಗಳಲ್ಲಿ ಅರೆದು, ಪುಡಿಯನ್ನು ಹಿಂದಿನಿಂದ ಬಿಡುತ್ತವೆ. ಮಾಲ್ಡೀವ್ಸ್‌ನ ಎಷ್ಟೋ ಪ್ರಸಿದ್ಧ ದಂಡೆಗಳ ಮೇಲೆ ಜನ ಮಲಗಿ ಫೋಟೋ ತೆಗೆಸಿಕೊಳ್ಳುವುದು ಬಹುತೇಕ ಮೀನಿನ ಹಿಕ್ಕೆಯ ಮೇಲೆ.

ಹಾಗಾದರೆ ನುಣುಪುಗಲ್ಲು ಸವೆದಾಗ ಏನಾಗುತ್ತದೆ? ಫ್ರಾನ್ಸಿನ ಭೂವಿಜ್ಞಾನಿ ಓಗ್ಯುಸ್ಟ್ ದೋಬ್ರೆ ಹತ್ತೊಂಬತ್ತನೇ ಶತಮಾನದಲ್ಲಿ ಇದನ್ನು ಪರೀಕ್ಷಿಸಿದ. ತಿರುಗುವ ಪೀಪಾಯಿಗಳಲ್ಲಿ ನೀರು ಮತ್ತು ಕಲ್ಲಿನ ಚೂರು ತುಂಬಿ, ಕಿಲೋಮೀಟರುಗಟ್ಟಲೆ ಉರುಳಿದಷ್ಟು ಸುತ್ತಿಸಿದ. ಚೂರುಗಳ ಮೂಲೆಗಳು ಮೊಂಡಾದವು, ಕಲ್ಲು ದುಂಡಗಾಯಿತು. ಆದರೆ ಸವೆದು ಹೋದ ಭಾಗ ಬಹುಪಾಲು ನಯವಾದ ಕೆಸರಾಗಿ ಹೊರಬಂತು. ಕಡಲಲ್ಲೂ ಹೀಗೆಯೇ. ಆ ಕೆಸರು ಅಲೆ ಬಡಿಯುವ ಜಾಗದಲ್ಲಿ ನಿಲ್ಲುವುದೇ ಇಲ್ಲ, ಆಳಕ್ಕೆ ಹೋಗಿ ಸೇರುತ್ತದೆ. ಇನ್ನು ಮರಳಿನ ಕಣವೂ ನೀರಿನಲ್ಲಿ ಸುಲಭಕ್ಕೆ ಸವೆಯುವುದಿಲ್ಲ. ಎರಡು ಕಣಗಳು ಡಿಕ್ಕಿ ಹೊಡೆಯುವ ಮುಂಚೆ ನಡುವಿನ ನೀರನ್ನು ಹಿಂಡಿ ಹೊರಹಾಕಬೇಕು. ಅಷ್ಟು ಸಣ್ಣ ಕಣಕ್ಕೆ ಅಷ್ಟು ಜೋರಿಲ್ಲ. ಡಚ್ ಭೂವಿಜ್ಞಾನಿ ಫಿಲಿಪ್ ಕ್ಯೂನೆನ್ ಕಳೆದ ಶತಮಾನದ ಮಧ್ಯದಲ್ಲಿ ಪ್ರಯೋಗ ಮಾಡಿ, ಮರಳನ್ನು ದುಂಡಗೆ ಮಾಡುವುದರಲ್ಲಿ ಗಾಳಿಯ ಮುಂದೆ ನೀರು ಏನೇನೂ ಅಲ್ಲ ಅಂತ ತೋರಿಸಿದ.

ಇಂಗ್ಲೆಂಡಿನ ತೆಂಕಣ ತೀರದ ಕಲ್ಲುಗಳಲ್ಲಿ ಹೆಚ್ಚಿನವು ಚಕಮಕಿ ಕಲ್ಲು. ಸುಣ್ಣದ ಮೆದುಬಂಡೆ ಕರಗಿ ಹೋದಾಗ ಅದರೊಳಗಿದ್ದ ಈ ಗಟ್ಟಿ ಗಡ್ಡೆಗಳು ಉಳಿದವು. ಹಿಮಯುಗ ಮುಗಿದು ಕಡಲಿನ ಮಟ್ಟ ಸುಮಾರು 120 ಮೀಟರ್ ಏರುವಾಗ, ಮುಳುಗುತ್ತಿದ್ದ ನೆಲದ ಮೇಲಿದ್ದ ಇಂಥ ಕಲ್ಲುಗಳನ್ನು ಅಲೆಗಳು ಒಳನಾಡಿನತ್ತ ತಳ್ಳಿಕೊಂಡು ಬಂದವು. ಅವು ಮರಳಾಗುವ ದಾರಿಯಲ್ಲಿಲ್ಲ. ಅವು ಬೇರೆಯದೇ ವಂಶ.

ಕಲ್ಲು ದುಂಡಗಾಗುವುದು ಯಾಕೆ ಎಂಬ ಪ್ರಶ್ನೆ ತುಂಬಾ ಹಳೆಯದು. ಅರಿಸ್ಟಾಟಲ್ ಹೆಸರಿನಲ್ಲಿ ಉಳಿದಿರುವ, ಬಹುಶಃ ಅವನ ಶಿಷ್ಯರ ಕಾಲದ ಒಂದು ಗ್ರೀಕ್ ಬರಹದಲ್ಲಿ ಇದನ್ನೇ ಕೇಳಲಾಗಿದೆ. ನಡುವಿನಿಂದ ದೂರ ಇರುವ ತುದಿ ಉರುಳುವಾಗ ಜಾಸ್ತಿ ವೇಗವಾಗಿ ಸುತ್ತುತ್ತದೆ, ಹಾಗಾಗಿ ಅದಕ್ಕೇ ಜೋರು ಪೆಟ್ಟು ಎಂಬುದು ಅಲ್ಲಿ ಕೊಟ್ಟ ಉತ್ತರ. ಪರವಾಗಿಲ್ಲ, ಅಲ್ವಾ? 1940ರ ದಶಕದಲ್ಲಿ ನಾಲ್ಕನೇ ಲಾರ್ಡ್ ರೇಲಿ ಮತ್ತೆ ಇದಕ್ಕೆ ಕೈ ಹಾಕಿದ. (ಆಕಾಶ ಯಾಕೆ ನೀಲಿ ಎಂದು ವಿವರಿಸಿದ ರೇಲಿಯ ಮಗ ಈತ.) ಕಲ್ಲುಗಳು ಉರುಳಿ ಉರುಳಿ ಸೇರುವ ಆಕಾರ ಅಚ್ಚುಕಟ್ಟಾದ ದೀರ್ಘವೃತ್ತದ ಉಂಡೆಯಲ್ಲ, ಅದಕ್ಕಿಂತ ಸ್ವಲ್ಪ ಬೇರೆ ಅಂತ ಅಳೆದು ತೋರಿಸಿದ. ಗಣಿತಜ್ಞರು ಈ ವಿಷಯವನ್ನು ಇವತ್ತಿಗೂ ಬಿಟ್ಟಿಲ್ಲ.

ಸರಿ, ಯಾವುದರಲ್ಲಿ ಮಜಾ ಜಾಸ್ತಿ? ಇದನ್ನು ರುಚಿಯ ಪ್ರಶ್ನೆ ಅಂತ ಬಿಟ್ಟುಬಿಡಬಹುದು. ಆದರೆ ಜನ ಹೇಳುವ ಹೊಗಳಿಕೆ, ದೂರು ಎರಡನ್ನೂ ಒಂದೊಂದಾಗಿ ಬಿಡಿಸಿದರೆ ಹೆಚ್ಚಿನವು ಒಂದೇ ಸಂಗತಿಗೆ ಬಂದು ನಿಲ್ಲುತ್ತವೆ: ಕಣದ ಗಾತ್ರ.

ಮರಳಿನ ಮೇಲಿನ ಮೊದಲ ದೂರು, ಅದು ಮೈಗೆ ಅಂಟುತ್ತದೆ ಎಂಬುದು. ಚೀಲದಲ್ಲಿ, ಕೂದಲಲ್ಲಿ, ತಿಂಗಳು ಕಳೆದ ಮೇಲೂ ಶೂ ಒಳಗೆ. ನುಣುಪುಗಲ್ಲು ಯಾಕೆ ಅಂಟುವುದಿಲ್ಲ? ತಮಾಷೆಯ ಪ್ರಶ್ನೆಯಲ್ಲ ಇದು. ಒದ್ದೆ ಕಣ ಮತ್ತು ಚರ್ಮದ ನಡುವೆ ನೀರಿನ ಒಂದು ಪುಟ್ಟ ಸೇತುವೆ ಇರುತ್ತದೆ. ನೀರಿನ ಮೇಲ್ಮೈ ಎಳೆತ ಆ ಎರಡನ್ನೂ ಹತ್ತಿರಕ್ಕೆ ಎಳೆದು ಹಿಡಿಯುತ್ತದೆ. ಈ ಹಿಡಿತ ಕಣದ ಅಗಲದ ಲೆಕ್ಕದಲ್ಲಿ ಏರುತ್ತದೆ. ಅಗಲ ಎರಡು ಪಟ್ಟಾದರೆ ಹಿಡಿತವೂ ಎರಡು ಪಟ್ಟು. ಆದರೆ ತೂಕ? ಅಗಲ ಎರಡು ಪಟ್ಟಾದರೆ ತೂಕ ಎಂಟು ಪಟ್ಟು. ಹಾಗಾಗಿ ಕಣ ದೊಡ್ಡದಾದಂತೆ ತೂಕ ಓಡಿಹೋಗುತ್ತದೆ, ಹಿಡಿತ ಹಿಂದೆ ಉಳಿಯುತ್ತದೆ. ಕಣವನ್ನು ನಯವಾದ ಕ್ವಾರ್ಟ್ಜ್ ಗೋಲಿ ಅಂತ ಇಟ್ಟುಕೊಂಡು ಲೆಕ್ಕ ಹಾಕಿದರೆ, ಎರಡೂ ಸಮವಾಗುವುದು ಹೆಚ್ಚುಕಡಿಮೆ 4 ಮಿ.ಮೀ. ಅಗಲದಲ್ಲಿ. 0.2 ಮಿ.ಮೀ. ಮರಳಿನ ಕಣಕ್ಕೆ ಹಿಡಿತ ತನ್ನ ತೂಕದ ನೂರಾರು ಪಟ್ಟು. ಅದನ್ನು ಕೊಡವಿದರೆ ಹೋಗುತ್ತದೆಯೇ? 2 ಸೆಂ.ಮೀ. ಕಲ್ಲಿನಲ್ಲಿ ತೂಕವೇ ಹಿಡಿತದ ಹತ್ತಾರು ಪಟ್ಟು. ನಿಜವಾದ ಕಣಗಳು ಒರಟು, ಹಾಗಾಗಿ ಗೆರೆ ಇನ್ನೂ ಸ್ವಲ್ಪ ಕೆಳಗೆ ಬೀಳುತ್ತದೆ. ಆದರೂ ನನಗೆ ಖುಷಿ ಕೊಡುವ ಒಂದು ವಿಷಯ ಹೇಳಲೇಬೇಕು. ಅಮೆರಿಕದ ಚೆಸ್ಟರ್ ವೆಂಟ್‌ವರ್ತ್ 1922ರಲ್ಲಿ ಕಣಗಳ ಗಾತ್ರಕ್ಕೆ ಅಳತೆಪಟ್ಟಿ ಮಾಡಿದಾಗ 2 ಮಿ.ಮೀ. ಒಳಗಿನದು ಮರಳು, 4ರಿಂದ 64 ಮಿ.ಮೀ.ವರೆಗಿನದು ನುಣುಪುಗಲ್ಲು ಅಂತ ಗೆರೆ ಎಳೆದ. ಅವನು ಒದ್ದೆ ಟವೆಲ್ಲನ್ನು ನೆನೆಸಿಕೊಂಡಿರಲಾರ. ಆದರೆ ಅಂಟುವುದಕ್ಕೂ ಅಂಟದಿರುವುದಕ್ಕೂ ನಡುವಿನ ಗಡಿ ಅಲ್ಲೇ ಸುತ್ತಮುತ್ತ ಇದೆ.

ಮರಳಿನ ಗುಡಿ, ಕೋಟೆ ನಿಲ್ಲುವುದೂ ಇದೇ ನೀರಿನ ಸೇತುವೆಗಳಿಂದ. ಅದಕ್ಕೆ ನೀರು ತುಂಬಾ ಬೇಕು ಅಂತ ಮಕ್ಕಳು ಬಕೆಟ್ಟುಗಟ್ಟಲೆ ಸುರಿಯುತ್ತಾರೆ. 2012ರ ಒಂದು ಅಧ್ಯಯನದ ಪ್ರಕಾರ ಗಾತ್ರದಲ್ಲಿ ಸುಮಾರು 1% ನೀರು ಸಾಕು. ಸಂದುಗಳೆಲ್ಲ ನೀರಿನಿಂದ ತುಂಬಿದರೆ ಸೇತುವೆಗಳೇ ಮಾಯ, ಕೋಟೆ ಕುಸಿಯುತ್ತದೆ. ಕಲ್ಲಿನ ದಂಡೆಯಲ್ಲಂತೂ ಕೋಟೆಯ ಆಸೆ ಬಿಟ್ಟುಬಿಡಬೇಕು.

ಇನ್ನು ಈಜು. ಇಲ್ಲಿ ಕಣದ ಗಾತ್ರ ದಂಡೆಯ ಇಳಿಜಾರನ್ನೇ ಬದಲಿಸುತ್ತದೆ. ಅಲೆ ದಂಡೆಯ ಮೇಲೆ ಏರುವಾಗ ಕಣಗಳನ್ನು ಹೊತ್ತು ತರುತ್ತದೆ, ಇಳಿಯುವಾಗ ವಾಪಸ್ ಎಳೆದುಕೊಂಡು ಹೋಗುತ್ತದೆ. ಮರಳಿನಲ್ಲಿ ನೀರು ಬೇಗ ಇಂಗುವುದಿಲ್ಲ. ಬಂದಷ್ಟೇ ನೀರು ವಾಪಸ್ ಹೋಗುತ್ತದೆ, ಮರಳನ್ನೂ ಎಳೆಯುತ್ತದೆ. ದಂಡೆ ಚಪ್ಪಟೆಯಾಗುತ್ತದೆ, ಸಾಮಾನ್ಯವಾಗಿ ಒಂದು, ಎರಡು, ಮೂರು ಡಿಗ್ರಿ ಇಳಿಜಾರು. ಕಲ್ಲಿನಲ್ಲಿ ಜರಡಿಗೆ ಸುರಿದ ಹಾಗೆ ನೀರು ಸಂದುಗಳಿಗೆ ಇಳಿದುಬಿಡುತ್ತದೆ. ಮೇಲೆ ಬಂದ ಕಲ್ಲನ್ನು ಕೆಳಗೆ ಎಳೆಯಲು ಸಾಕಷ್ಟು ನೀರೇ ಉಳಿಯುವುದಿಲ್ಲ. ಕಲ್ಲುಗಳು ಮೇಲೆ ಮೇಲೆ ರಾಶಿಯಾಗಿ ಇಳಿಜಾರು ಹತ್ತು ಡಿಗ್ರಿ ದಾಟುತ್ತದೆ. ಅಮೆರಿಕದ ಎಂಜಿನಿಯರ್ ಅಲೆನ್ ಹೇಜನ್ 1890ರ ದಶಕದಲ್ಲಿ ಕುಡಿಯುವ ನೀರು ಸೋಸುವ ಮರಳನ್ನು ಪರೀಕ್ಷಿಸುತ್ತ, ನೀರು ಇಳಿಯುವ ವೇಗ ಕಣದ ಅಗಲದ ವರ್ಗದ ಲೆಕ್ಕದಲ್ಲಿ ಏರುತ್ತದೆ ಅಂತ ಕಂಡುಕೊಂಡಿದ್ದ. ಅಗಲ ಹತ್ತು ಪಟ್ಟಾದರೆ ವೇಗ ನೂರು ಪಟ್ಟು. ದೊಡ್ಡ ಕಲ್ಲುಗಳ ನಡುವೆ ಸುಳಿಗಳು ಎದ್ದು ಈ ಲೆಕ್ಕ ಸ್ವಲ್ಪ ಕೆಡುತ್ತದೆ. ಆದರೂ ವ್ಯತ್ಯಾಸ ಭಾರಿ.

ಇಳಿಜಾರು ಬದಲಾದರೆ ಅಲೆಯೂ ಬದಲು. ಚಪ್ಪಟೆ ಮರಳಿನಲ್ಲಿ ಅಲೆ ದೂರದಲ್ಲೇ ಮುರಿದು, ನೊರೆ ನೊರೆಯಾಗಿ, ಸುಸ್ತಾಗಿ ಕಾಲ ಬಳಿ ಬರುತ್ತದೆ. ಚಿಕ್ಕ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಕಡಿದಾದ ಕಲ್ಲಿನ ದಂಡೆಯಲ್ಲಿ ಅಲೆ ಪೂರ್ತಿ ಜೋರಿನಲ್ಲಿ ಅಂಚಿಗೇ ಬಂದು ಧಡಾರನೆ ಬೀಳುತ್ತದೆ. ಒಂದು ಹೆಜ್ಜೆಗೆ ಸೊಂಟದ ಮಟ್ಟ, ಇನ್ನೆರಡಕ್ಕೆ ಕಾಲು ನೆಲಕ್ಕೆ ಸಿಗದು. ಮೇಲೆ ಬರಲು ಹೋದರೆ ಕಾಲಡಿಯ ಕಲ್ಲುಗಳು ಜಾರುತ್ತವೆ. ಅಲೆ ಜೋರಿದ್ದ ದಿನ ಈಜು ಬಲ್ಲವರೂ ಅಲ್ಲಿ ಇಳಿಯಬಾರದು. ಹಾಗಂತ ಮರಳು ಅಪಾಯವಿಲ್ಲದ್ದು ಅಂತಲ್ಲ. ಮರಳಿನ ದಂಡೆಯ ಎದುರು ನೀರಡಿಯಲ್ಲಿ ಮರಳಿನ ದಿಬ್ಬಗಳಿರುತ್ತವೆ. ಅವುಗಳ ನಡುವಿನ ಸಂದಿನಲ್ಲಿ ನೀರು ಹೊಳೆಯ ಹಾಗೆ ಕಡಲಿನ ಕಡೆಗೆ ಓಡುತ್ತದೆ. ಈ ರಿಪ್ ಕರೆಂಟಿಗೆ ಸಿಕ್ಕರೆ ದಂಡೆಯ ಕಡೆಗೆ ಗುದ್ದಾಡಬಾರದು, ದಂಡೆಗೆ ಸಮಾನಾಂತರವಾಗಿ ಈಜಿ ಹೊರಬರಬೇಕು.

ನೀರು ತಿಳಿಯಾಗಿರುವುದು ಮಾತ್ರ ಕಲ್ಲಿನ ದಂಡೆಯಲ್ಲಿ. ಸಣ್ಣ ಕಣ ನೀರಿನಲ್ಲಿ ಮುಳುಗುವ ವೇಗಕ್ಕೆ ಭೌತವಿಜ್ಞಾನಿ ಸ್ಟೋಕ್ಸ್ 1851ರಲ್ಲಿ ಕೊಟ್ಟ ಸೂತ್ರದ ಪ್ರಕಾರ 0.1 ಮಿ.ಮೀ. ಕಣ ನಿಂತ ನೀರಿನಲ್ಲಿ ಒಂದು ಮೀಟರ್ ಇಳಿಯಲು ಸುಮಾರು ಎರಡು ನಿಮಿಷ ಬೇಕು. 0.01 ಮಿ.ಮೀ. ಕಣಕ್ಕೆ ಸುಮಾರು ಮೂರು ಗಂಟೆ. ಅಷ್ಟರಲ್ಲಿ ಎಷ್ಟು ಅಲೆ ಬಂದಿರುತ್ತವೆ! ಕಲ್ಲಿಗೆ ಈ ರಗಳೆಯಿಲ್ಲ. ಎದ್ದರೂ ಅಲ್ಲೇ ಬೀಳುತ್ತದೆ. ಈಜು ಕನ್ನಡಕ ಹಾಕಿಕೊಂಡು ನೀರಡಿ ನೋಡುವವರಿಗೆ ನಾನು ಯಾವಾಗಲೂ ಕಲ್ಲಿನ ದಂಡೆಯನ್ನೇ ಹೇಳುವುದು.

ಅಲೆಗಳು ಕಲ್ಲನ್ನು ಎಷ್ಟು ಚೆನ್ನಾಗಿ ವಿಂಗಡಿಸುತ್ತವೆ ಅನ್ನುವುದಕ್ಕೆ ಇಂಗ್ಲೆಂಡಿನ ಚೆಸಿಲ್ ದಂಡೆ ನೋಡಬೇಕು. ಸುಮಾರು 29 ಕಿ.ಮೀ. ಉದ್ದ. ಪಡುವಣ ತುದಿಯಲ್ಲಿ ಕಲ್ಲು ಬಟಾಣಿ ಗಾತ್ರ. ಮೂಡಣಕ್ಕೆ ಪೋರ್ಟ್‌ಲ್ಯಾಂಡ್ ಕಡೆ ಬರುತ್ತ ಬರುತ್ತ ಅಂಗೈ ತುಂಬುವಷ್ಟು. ಕತ್ತಲಲ್ಲಿ ದೋಣಿ ತಂದ ಕಳ್ಳಸಾಗಣೆದಾರರು ಒಂದು ಹಿಡಿ ಕಲ್ಲು ಎತ್ತಿ ತಾವು ಎಲ್ಲಿದ್ದೇವೆ ಅಂತ ತಿಳಿದುಕೊಳ್ಳುತ್ತಿದ್ದರಂತೆ. ಕಥೆ ನಿಜವೋ ಸುಳ್ಳೋ, ಕಲ್ಲಿನ ಲೆಕ್ಕವಂತೂ ಅದಕ್ಕೆ ಒಪ್ಪುತ್ತದೆ.

ನಡಿಗೆಯಲ್ಲಿ ಮರಳು ಗೆಲ್ಲುತ್ತದೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಎಲ್ಲಾ ಮರಳೂ ಅಲ್ಲ. 1998ರಲ್ಲಿ ಬೆಲ್ಜಿಯಂನ ಸಂಶೋಧಕರು ಅಳೆದು ನೋಡಿದಾಗ, ಮರಳಿನ ಮೇಲೆ ನಡೆಯಲು ಗಟ್ಟಿ ನೆಲಕ್ಕಿಂತ 2.1ರಿಂದ 2.7 ಪಟ್ಟು ಶಕ್ತಿ ಬೇಕಾಯಿತು. ಓಡಲು 1.6 ಪಟ್ಟು. ಸುಖ ಇರುವುದು ಅಲೆ ಈಗಷ್ಟೇ ಒದ್ದೆ ಮಾಡಿ ಹೋದ ಪಟ್ಟಿಯಲ್ಲಿ. ಅಲ್ಲಿ ಹೆಜ್ಜೆ ಇಟ್ಟಾಗ ಪಾದದ ಸುತ್ತ ಮರಳು ಒಂದು ಕ್ಷಣ ಒಣಗಿದಂತೆ ಬೆಳ್ಳಗಾಗುವುದನ್ನು ನೋಡಿದ್ದೀರಾ? ನೀರು ಹಿಂಡಿ ಹೊರಬಂತು ಅಂತ ಹೇಳುವವರೇ ಜಾಸ್ತಿ. ಆದರೆ ಹೊರಬಂದರೆ ಒದ್ದೆಯಾಗಬೇಕಿತ್ತು, ಅಲ್ವಾ? ಬ್ರಿಟನ್ನಿನ ಎಂಜಿನಿಯರ್ ಓಸ್ಬರ್ನ್ ರೆನಾಲ್ಡ್ಸ್ 1885ರಲ್ಲಿ ಇದನ್ನು ಬಿಡಿಸಿದ. ಒತ್ತೊತ್ತಾಗಿ ಕೂತ ಕಣಗಳು ಅಲುಗಬೇಕಾದರೆ ಒಂದರ ಮೇಲೊಂದು ಏರಿ ದಾಟಬೇಕು. ಆಗ ಅವುಗಳ ನಡುವಿನ ಜಾಗ ದೊಡ್ಡದಾಗುತ್ತದೆ. ಮೇಲಿನ ನೀರು ಆ ಜಾಗಕ್ಕೆ ಇಳಿಯುತ್ತದೆ, ಮೇಲ್ಮೈ ಒಣಗಿದಂತೆ ಕಾಣುತ್ತದೆ. ರಬ್ಬರ್ ಚೀಲದಲ್ಲಿ ಕಣ ಮತ್ತು ನೀರು ತುಂಬಿ, ಮೇಲೊಂದು ಗಾಜಿನ ಕೊಳವೆ ಸಿಕ್ಕಿಸಿ, ಚೀಲ ಹಿಚುಕಿದರೆ ಕೊಳವೆಯ ನೀರು ಮೇಲೇರುವ ಬದಲು ಕೆಳಗಿಳಿಯುವುದನ್ನೂ ತೋರಿಸಿದ. ಕಾಲಡಿಯ ಮರಳು ಗಟ್ಟಿ ಅನಿಸುವುದೂ ಇದರಿಂದಲೇ. ಒಳಗೆ ಹೀರಿಕೊಂಡ ನೀರು ಕಣಗಳನ್ನು ಬಿಗಿ ಹಿಡಿಯುತ್ತದೆ. ಪಾಪ, ರೆನಾಲ್ಡ್ಸ್‌ಗೆ ಇದು ಎಷ್ಟು ಹಿಡಿಸಿತೆಂದರೆ, 1903ರ ಹೊತ್ತಿಗೆ ಇಡೀ ವಿಶ್ವವೇ ಇಂಥ ಕಣಗಳ ರಾಶಿ, ಗುರುತ್ವವೂ ಅದರಿಂದಲೇ ಅಂತ ಬರೆದ. ಅದು ನಿಲ್ಲಲಿಲ್ಲ. ಮರಳಿನ ವಿವರಣೆ ನಿಂತಿದೆ.

ಸದ್ದಿನ ವಿಷಯದಲ್ಲಿ ನನ್ನ ಪಕ್ಷಪಾತ ಮುಚ್ಚಿಡುವುದಿಲ್ಲ. ಮರಳಿನ ದಂಡೆಯಲ್ಲಿ ಕೇಳುವುದು ಹೆಚ್ಚಾಗಿ ಗಾಳಿಗುಳ್ಳೆಗಳ ಸದ್ದು. ಭೌತವಿಜ್ಞಾನಿ ಮಿನಾರ್ಟ್ 1933ರಲ್ಲಿ ಲೆಕ್ಕ ಕೊಟ್ಟ ಹಾಗೆ, ನೀರಿನಲ್ಲಿ 1 ಮಿ.ಮೀ. ತ್ರಿಜ್ಯದ ಗುಳ್ಳೆ ಸೆಕೆಂಡಿಗೆ ಸುಮಾರು 3,300 ಸಲ ಮಿಡಿಯುತ್ತದೆ. ಸಾವಿರಾರು ಗಾತ್ರದ ಗುಳ್ಳೆಗಳು ಸೇರಿ ಆ 'ಶ್' ಆಗುತ್ತದೆ. ಕಲ್ಲಿನ ದಂಡೆಯಲ್ಲಿ ಇದರ ಮೇಲೆ ಇನ್ನೊಂದು ಸದ್ದು: ಅಲೆ ಹಿಂದೆ ಸರಿಯುವಾಗ ಸಾವಿರಾರು ಕಲ್ಲುಗಳು ಒಂದನ್ನೊಂದು ಬಡಿಯುತ್ತ ಉರುಳುವ ಗರಗರ. ಬರುವಾಗ ಒಂದು ಸ್ವರ, ಹೋಗುವಾಗ ಇನ್ನೊಂದು. ಸುಮ್ನೆ ಕೂತು ಕೇಳುವುದಕ್ಕೆ ನನ್ನ ಮತ ಇದಕ್ಕೇ.

ಇಷ್ಟಾದರೂ ಮರಳೇ ಬೇಕು ಅನ್ನುವವರು ಕಲ್ಲಿನ ದಂಡೆಗೆ ಲಾರಿಗಟ್ಟಲೆ ಮರಳು ಸುರಿದರಾಯಿತು ಅಂತ ಸಲಹೆ ಕೊಡುತ್ತಾರೆ. ಸವೆದುಹೋದ ದಂಡೆಗಳನ್ನು ತುಂಬಿಸುವ ಎಂಜಿನಿಯರುಗಳು ಹಾಗೆ ಮಾಡುವುದಿಲ್ಲ. ಅಲ್ಲಿ ಮೊದಲೇ ಇದ್ದ ಕಣದಷ್ಟೇ ಅಥವಾ ಸ್ವಲ್ಪ ದೊಡ್ಡ ಕಣವನ್ನೇ ಹುಡುಕಿ ತರುತ್ತಾರೆ. ಅದಕ್ಕಿಂತ ಸಣ್ಣದನ್ನು ಸುರಿದರೆ, ಆ ಜಾಗದ ಅಲೆಗಳು ಅದನ್ನು ಬೇಗನೆ ಹೊರಗೆ ಹೊತ್ತೊಯ್ಯುತ್ತವೆ.